ಎಡಸೊಂಟದ ಚುಕ್ಕೆಗಳು

ಕಾಲ್ಬೆರಳ ಸಂದಿಗೆ ಸೂಜಿ ಹಾಕಿದ ಮೇಲೆ ರೋಗಿಯನ್ನು ಅರ್ಧ ತಾಸು ನಡೆಸಬೇಕು. ಅದು ನನ್ನ ಕೆಲಸವಾಗಿತ್ತು.

ಆಸ್ಪತ್ರೆಯ ಹಿತ್ತಲಲ್ಲಿ ನಾಲ್ಕು ಬೇವಿನ ಮರಗಳಿದ್ದವು. ಅವುಗಳನ್ನು ನಿಧಾನಕ್ಕೆ ಒಂದು ಸುತ್ತು ಬಂದರೆ ಎರಡು ನಿಮಿಷ. ಒಟ್ಟು ಹದಿನೈದು ಸುತ್ತು. ಲೆಕ್ಕ ತಪ್ಪದಿರಲೆಂದು ಸೆರಗಿನ ತುದಿಯಲ್ಲಿ ಹುಣಸೆಬೀಜ ಕಟ್ಟಿಕೊಂಡು, ಸುತ್ತಿಗೊಂದರಂತೆ ಕಟ್ಟೆಯ ಮೇಲೆ ಇಡುತ್ತ ಹೋಗುತ್ತಿದ್ದೆ. ಮುಂದೆ ನಾನು, ನನ್ನ ಹಿಂದೆ ಮೂವರು ಹೆಂಗಸರು: ಸವದತ್ತಿಯವಳು, ಸುರೇಬಾನದವಳು, ರಾಮದುರ್ಗದ ಅಜ್ಜಿ.

"ತಲಿಮ್ಯಾಲೆ ಕೊಡಾ ಇಲ್ದ, ಬಗಲಾಗ ಕೂಸಿಲ್ದ, ಹಿಂಗ ಸುಮ್ನ ನಡದದ್ದು ನನ್ನ ಜನ್ಮದಾಗ ಇದ ಮೊದಲ ನೋಡ್ರಿ ಬಾಯಾರ" ಎಂದಳು ಸವದತ್ತಿಯವಳು. "ಹೌದೂ, ಈಗ ನಾವು ಎಲ್ಲಿಗೆ ಹೊಂಟೇವಿ?"

"ಎಲ್ಲಿಗೂ ಇಲ್ಲವಾ."

"ಹಂಗಾರ ಲಗೂ ಲಗೂ ನಡದು ಯಾಕ ಮುಟ್ಟೂದು? ಆರಾಮ ನಡೀರಿ."

ಅಜ್ಜಿ ನಗು ತಡೆಯಲಾರದೆ ಬೇವಿನ ಮರ ಹಿಡಿದುಕೊಂಡು ನಿಂತಳು. ಆ ಸುತ್ತಿಗೆ ನಾಲ್ಕು ನಿಮಿಷ ಹಿಡಿಯಿತು.

ಎಪ್ಪತ್ತರ ದಶಕದ ಕೊನೆಯ ಮಾತಿದು. ಬೈಲಹೊಂಗಲದ ಪೇಟೆಯಲ್ಲಿ ನನ್ನ ಯಜಮಾನರ ಸಣ್ಣ ದವಾಖಾನೆ ಇತ್ತು. ಅವರ ಸಹಪಾಠಿಯೊಬ್ಬರು ಎರಡು ತಾಸಿನ ದಾರಿಯ ನಗರದ ಆಸ್ಪತ್ರೆಯಲ್ಲಿ ವಿಕಿರಣ ಚಿತ್ರ ತೆಗೆಯುವ ವಿಭಾಗಕ್ಕೆ ಮುಖ್ಯರಾಗಿದ್ದರು. ಅಲ್ಲಿ ಹೊಸ ಔಷಧಿಯೊಂದು ತಯಾರಾಗುತ್ತಿತ್ತು. ಅದನ್ನು ಪರೀಕ್ಷಿಸಲು ಒಪ್ಪಿ ಬರುವ ಹೆಂಗಸರಿಗೆ ನಮ್ಮ ಮಾತಿನಲ್ಲಿ ತಿಳಿಸಿ ಹೇಳುವವರು, ಕೇರಳದಿಂದ ಬಂದ ನರ್ಸ್ ಸಿಸ್ಟರ್ ಜೊತೆ ಇಂಗ್ಲಿಷ್ ಆಡುವವರು, ಎರಡೂ ಒಬ್ಬರಲ್ಲೇ ಬೇಕಿತ್ತು. "ಕಾನ್ವೆಂಟಿನ್ಯಾಗ ಕಲ್ತ ಇಂಗ್ಲಿಷ್ ಬರೇ ಮಕ್ಕಳ ಹೋಂವರ್ಕಿಗೆ ಖರ್ಚಾಗಾಕತ್ತೈತಿ, ಹೋಗಿ ಬಾ" ಎಂದರು ಯಜಮಾನರು. ಮಂಗಳವಾರಕ್ಕೊಮ್ಮೆ ಹೋಗುವುದೆಂದಾಯಿತು. ಮುಂಚಿತವಾಗಿ ಇನ್‌ಲ್ಯಾಂಡ್ ಪತ್ರ ಬರೆದು ಹೆಂಗಸರನ್ನು ಹಿಂದಿನ ದಿನವೇ ಬೈಲಹೊಂಗಲಕ್ಕೆ ಕರೆಸಿಕೊಳ್ಳುತ್ತಿದ್ದೆ. ಅವರು ನಮ್ಮ ಪಡಸಾಲೆಯಲ್ಲಿ ಮಲಗಿ ಮುಂಜಾನೆಯ ಮೊದಲ ಬಸ್ಸಿಗೆ ನನ್ನೊಡನೆ ಹೊರಡುತ್ತಿದ್ದರು.

ಮೂವರಿಗೂ ಗರ್ಭಕೋಶದ ಬಾಯಿಯಲ್ಲಿ ಕ್ಯಾನ್ಸರ್. ಆ ರೋಗ ಹಬ್ಬುವುದು ಸಾಮಾನ್ಯವಾಗಿ ದುಗ್ಧಗ್ರಂಥಿಗಳ ದಾರಿ ಹಿಡಿದು. ಇವು ಅವರೆಕಾಳಿನಷ್ಟು ಸಣ್ಣ ಗಂಟುಗಳು. ತೊಡೆಯ ಸಂದಿಯಿಂದ ಕಿಬ್ಬೊಟ್ಟೆಯ ಒಳಗೆ ಸಾಲಾಗಿ ಮೇಲೇರುತ್ತವೆ. ಹೊರಗಿನಿಂದ ಕೈಗೆ ಸಿಗುವುದಿಲ್ಲ, ಸಾದಾ ಎಕ್ಸ್‌ರೇಗೂ ಕಾಣುವುದಿಲ್ಲ. ಅದಕ್ಕೇ ಈ ಹೊಸ ದ್ರವ. ಪಾದದಲ್ಲಿ ಸೂಜಿಯಿಂದ ಬಿಟ್ಟರೆ ಅದು ದುಗ್ಧನಾಳ ಸೇರಿ, ಮೆಲ್ಲಗೆ ಮೇಲೇರಿ, ಗಂಟು ಗಂಟಿನಲ್ಲೂ ತುಸು ತುಸು ನಿಲ್ಲುತ್ತದೆ. ಅದರಲ್ಲಿ ಬೆರೆಸಿದ ವಿಕಿರಣಶೀಲ ವಸ್ತು ಹೊರಗಿನ ಯಂತ್ರಕ್ಕೆ ತಾನಿರುವ ಜಾಗ ತೋರಿಸುತ್ತದೆ. ಗಂಟುಗಳ ಸಾಲು ಎರಡೂ ಕಡೆ ಸರಿಯಾಗಿ ಕಂಡರೆ ದಾರಿ ತೆರೆದಿದೆ ಎಂದು ಅರ್ಥ. ಸಾಲು ತುಂಡಾಗಿ ದ್ರವ ಅಡ್ಡದಾರಿ ಹಿಡಿದಿದ್ದರೆ ರೋಗ ಅಲ್ಲೆಲ್ಲೋ ಕಟ್ಟೆ ಹಾಕಿರಬಹುದು.

ಇದನ್ನು ಹೇಗೆ ಹೇಳುವುದೆಂದು ನಾನು ತಿಣುಕುತ್ತಿದ್ದಾಗ ಸುರೇಬಾನದವಳೇ ಸುಲಭ ಮಾಡಿದಳು. "ಕಬ್ಬಿಗೆ ನೀರ ಬಿಟ್ಟಾಗ ಒಡ್ಡಿನ್ಯಾಗ ಎಲ್ಲಿ ಸೋರತೈತಿ ನೋಡಾಕ ಒಂದ ಮುಷ್ಟಿ ಹೊಟ್ಟು ಬಿಡತೇವಲ್ಲ, ಹಂಗ?" ಹಾಗೆಯೇ, ಎಂದೆ. ಔಷಧಿ ಹೊಸದು, ಇನ್ನೂ ಪರೀಕ್ಷೆಯಲ್ಲಿದೆ, ಒಲ್ಲೆನೆಂದರೆ ಯಾರೂ ಒತ್ತಾಯ ಮಾಡುವುದಿಲ್ಲ ಎಂಬುದನ್ನೂ ಎರಡೆರಡು ಸಲ ಹೇಳಿ, ಆಮೇಲೆ ಹೆಬ್ಬೆಟ್ಟು ಒತ್ತಿಸಿಕೊಂಡೆ.

ಮೂವರಲ್ಲಿ ಸವದತ್ತಿಯವಳದು ಅವಸರದ ಪ್ರಕರಣ. ನಲವತ್ತರ ಆಸುಪಾಸು. ಬಸ್‌ಸ್ಟ್ಯಾಂಡಿನ ಹತ್ತಿರದ ಖಾನಾವಳಿಯಲ್ಲಿ ರೊಟ್ಟಿ ಬಡಿಯುತ್ತಿದ್ದಳು. ರೋಗ ಬೇಗ ಗೊತ್ತಾಗಿತ್ತು, ಸರ್ಜನ್ ಆಪರೇಷನ್ನಿಗೆ ತಯಾರಿದ್ದರು. ಆದರೆ ರೋಗ ಗಂಟುಗಳ ದಾರಿಗೆ ಇಳಿದಿದ್ದರೆ ಆಪರೇಷನ್ ಮಾಡಿ ಫಲವಿಲ್ಲ. ಬರೀ ಕರೆಂಟು, ಅಂದರೆ ವಿಕಿರಣ ಚಿಕಿತ್ಸೆ, ಕೊಡಿಸಿ ಮನೆಗೆ ಕಳಿಸಬೇಕು. ಅವಳಿಗೆ ಇದೆಲ್ಲ ತಿಳಿದಿತ್ತು. "ಕೊಯ್ಯೂದಾದ್ರ ಕೊಯ್ದು ಒಗದು ಬಿಡ್ಲಿ. ಕೊಯ್ಯೂದಿಲ್ಲ ಅಂದ್ರ ಅಂಜಿಕಿ ಬರತೈತಿ" ಎಂದಿದ್ದಳು ಬಸ್ಸಿನಲ್ಲಿ, ಕಿಟಕಿಯ ಕಡೆ ಮುಖ ಮಾಡಿಕೊಂಡು. ಇಡೀ ಪ್ರಯಾಣದಲ್ಲಿ ಅವಳು ನಗಿಸದೆ ಆಡಿದ ಮಾತು ಅದೊಂದೇ.

ದ್ರವ ತಯಾರಿಸುತ್ತಿದ್ದವರು ಕಿತ್ತೂರು ಕಡೆಯ ಒಬ್ಬ ರಸಾಯನಶಾಸ್ತ್ರಜ್ಞರು. ತೆಳ್ಳಗೆ, ಉದ್ದಕ್ಕೆ, ಅಂಗಿಯ ಜೇಬಿನಲ್ಲಿ ಸದಾ ಮೂರು ಪೆನ್ನು. ಬರೆಯುವುದು ಮಾತ್ರ ನಾಲ್ಕನೆಯದರಿಂದ, ಅದು ಕಿವಿಯ ಮೇಲೆ. ಆಂಟಿಮೊನಿಯ ದ್ರಾವಣದಲ್ಲಿ ಕೊಳೆತ ಮೊಟ್ಟೆಯ ನಾತದ ಅನಿಲವನ್ನು ಗುಳುಗುಳು ಹಾಯಿಸಿದರೆ ಕಿತ್ತಳೆ ಬಣ್ಣದ ಅತಿ ಸಣ್ಣ ಕಣಗಳು ಹುಟ್ಟುತ್ತವೆ. ಅವು ಒಂದಕ್ಕೊಂದು ಅಂಟಿಕೊಳ್ಳದಂತೆ ಅಂಟು ಬೆರೆಸಿ, ಕಣ್ಣಿಗೆ ಕಾಣದ ರಂಧ್ರಗಳ ಜಾಳಿಗೆಯಲ್ಲಿ ಸೋಸಿ, ಬಾಟಲಿಯಲ್ಲಿ ತುಂಬಿಡಬೇಕು. ಪರೀಕ್ಷೆಯ ದಿನ ಬೆಳಿಗ್ಗೆ ಅದಕ್ಕೆ ಟೆಕ್ನೀಷಿಯಂ ಎಂಬ ವಿಕಿರಣಶೀಲ ವಸ್ತು ಹಾಕಿ, ಕುದಿಯುವ ನೀರಿನಲ್ಲಿಟ್ಟು, ಆರಿಸಿ, ಆಮ್ಲದ ಹುಳಿ ಮುರಿದು, ಆಮೇಲೆ ಸೂಜಿಗೆ. ಟೆಕ್ನೀಷಿಯಂ ಆರು ತಾಸಿಗೆ ಅರ್ಧ ಕರಗಿಹೋಗುವಂಥದ್ದು. ಅದನ್ನು ಹೆರುವ ತಾಯಿವಸ್ತು ಮುಂಬಯಿಯಿಂದ ಸೀಸದ ಡಬ್ಬಿಯಲ್ಲಿ ವಾರಕ್ಕೊಮ್ಮೆ ರೈಲಿನಲ್ಲಿ ಬರುತ್ತಿತ್ತು. ಅದರಿಂದ ಬೇಕಾದಷ್ಟು ಬಸಿದುಕೊಳ್ಳುವುದಕ್ಕೆ ಅವರ ಮಂದಿಯಲ್ಲಿ ಹಿಂಡುವುದು ಎಂದೇ ಹೆಸರು.

"ಆಕಳಾ ಹಿಂಡಿ ಬರತೇನಿ, ಕುಂತಿರ್ರಿ" ಎಂದು ಅವರು ಒಳಗೆ ಹೋದಾಗ ಸವದತ್ತಿಯವಳು ಬಾಗಿಲ ಸಂದಿಯಲ್ಲಿ ಇಣುಕಿದಳು.

"ಎಲ್ಲೈತ್ರೀ ಆಕಳಾ? ಒಂದ ಕರಿ ಡಬ್ಬಿ ಐತಿ."

"ಅದ ಆಕಳಾ" ಎಂದರು ಅವರು ಒಳಗಿನಿಂದಲೇ.

"ಚಲೋ ಆತು. ಹುಲ್ಲ ಬ್ಯಾಡ, ಶಗಣಿ ಬಳಿಯೂದು ಬ್ಯಾಡ. ನಮ್ಮ ಖಾನಾವಳಿ ಮಾಲಕಗ ಹೇಳತೇನಿ, ಇಂಥಾದೊಂದ ಕಟ್ಟಲಿ."

ಕಷ್ಟವೆಲ್ಲ ಕಣದ ಗಾತ್ರದಲ್ಲಿತ್ತು. ದೊಡ್ಡದಾದರೆ ಪಾದ ಬಿಟ್ಟು ಏಳುವುದಿಲ್ಲ. ತೀರ ಸಣ್ಣದಾದರೆ ರಕ್ತಕ್ಕೆ ನುಸುಳಿ ಪಿತ್ತಕೋಶದ ಪಕ್ಕದ ಯಕೃತ್ತೆಲ್ಲ ಬೆಳಗಿ, ಗಂಟುಗಳು ಕಾಣದೇ ಹೋಗುತ್ತವೆ. ನಡುವಿನ ಹದ ಬೇಕು. ಎಂಟು ಸಲ ಹದ ತಪ್ಪಿತ್ತು. ಅವರು ಬಾಟಲಿಗಳ ಮೇಲೆ ಬರೀ ಅಂಕಿ ಬರೆಯುತ್ತಿದ್ದರು. ನಾನು ಅವಕ್ಕೆ ಪಾಕ ಎಂದೆ, ಎಲ್ಲರೂ ಹಾಗೇ ಅನ್ನತೊಡಗಿದರು. ಆ ಮಂಗಳವಾರದ್ದು ಒಂಬತ್ತನೆಯ ಪಾಕ.

ಯಂತ್ರ ದೊಡ್ಡದು, ನಿಧಾನದ್ದು. ಮಲಗಿದ ರೋಗಿಯ ಮೇಲೆ ಅದರ ತಲೆ ಎಡದಿಂದ ಬಲಕ್ಕೆ ಹೋಗಿ, ಒಂದು ಗೆರೆಯಷ್ಟು ಸರಿದು, ಬಲದಿಂದ ಎಡಕ್ಕೆ ಬರುತ್ತದೆ. ಪಕ್ಕದ ಮೇಜಿನಲ್ಲಿ ಒಂದು ಸಣ್ಣ ಸುತ್ತಿಗೆ ಕಾಗದದ ಮೇಲೆ ಟುಕ್ ಟುಕ್ ಎಂದು ಚುಕ್ಕೆ ಕುಟ್ಟುತ್ತದೆ. ವಿಕಿರಣ ಇದ್ದಲ್ಲಿ ಚುಕ್ಕೆ ದಟ್ಟ, ಇಲ್ಲದಲ್ಲಿ ವಿರಳ. ಮೈಮೇಲೆ ಲೋಹ ಇರಬಾರದೆಂದು ಕಾಲುಂಗುರ, ಡಾಬು, ಕೀಲಿಕೈ ಎಲ್ಲ ತೆಗೆಸಿ ನನ್ನ ಚೀಲಕ್ಕೆ ಹಾಕಿಕೊಂಡಿದ್ದೆ. ಸೀರೆ ಬಿಚ್ಚಿಸಬೇಕೆಂದಿದ್ದರು ವಿಭಾಗದ ಮುಖ್ಯ ಡಾಕ್ಟರು, ಯಜಮಾನರ ಸಹಪಾಠಿ. ಹೆಂಗಸರು ಮುಖ ಸಣ್ಣ ಮಾಡಿದ್ದು ನೋಡಿ, ಬಟ್ಟೆಯಿಂದ ಚಿತ್ರಕ್ಕೇನು ತೊಂದರೆ ಎಂದು ವಾದಿಸಿ ನಾನೇ ತಪ್ಪಿಸಿದ್ದೆ. ಗೆದ್ದ ಖುಷಿ ನನಗಿತ್ತು.

ಸವದತ್ತಿಯವಳ ಚಿತ್ರದಲ್ಲಿ ಮೊದಲು ತೊಡೆಯ ಸಂದಿಯ ಗಂಟುಗಳು ಕಂಡವು. ಮೇಲೆ ಮೇಲೆ ಎರಡೂ ಕಡೆ ಒಂದೊಂದೇ ಗಂಟು ಮೂಡತೊಡಗಿದಾಗ ರಸಾಯನದವರು ಕಿವಿಯ ಮೇಲಿನ ಪೆನ್ನನ್ನು ಕೈಗೆ ತೆಗೆದುಕೊಂಡರು. ಎಂಟು ಪಾಕಗಳಲ್ಲಿ ಕಾಣದ್ದು ಇದು. ಆಗ ಸುತ್ತಿಗೆ ಎಡಸೊಂಟದ ಹತ್ತಿರ ಇದ್ದಕ್ಕಿದ್ದಂತೆ ಟಕಟಕಟಕ ಎಂದಿತು. ಗಂಟುಗಳ ಸಾಲಿನಿಂದ ಆಚೆ, ಏನೂ ಇರಬಾರದ ಕಡೆ, ಸುಪಾರಿಯಷ್ಟು ದಟ್ಟ ಚುಕ್ಕೆಗಳು.

ಅಜ್ಜಿಯ ಚಿತ್ರದಲ್ಲಿ ಹೊಟ್ಟೆಯ ಮೇಲೆ ಒಂದು ಮಸುಕು ಕಲೆ ಬಂತು. ಸುರೇಬಾನದವಳದು ಮಾತ್ರ ಸ್ವಚ್ಛ.

ಡಾಕ್ಟರು ಎರಡು ಸಾಧ್ಯತೆ ಹೇಳಿದರು. ದ್ರವ ನಿಜವಾಗಿಯೂ ಅಡ್ಡದಾರಿ ಹಿಡಿದಿರಬಹುದು, ಅಂದರೆ ರೋಗ ಹಬ್ಬಿದೆ. ಅಥವಾ ಪಾಕ ಕೆಟ್ಟು ಕಣಗಳು ಮುದ್ದೆಯಾಗಿ ಎಲ್ಲೆಲ್ಲೋ ಸಿಕ್ಕಿಕೊಂಡಿವೆ. ಹೊಸ ಔಷಧಿಯ ಒಂದು ಚಿತ್ರ ನಂಬಿ ತೀರ್ಮಾನ ಮಾಡುವುದಿಲ್ಲ ಎಂದರು ಸರ್ಜನ್, ಆದರೆ ಗೊತ್ತುಮಾಡಿದ್ದ ಆಪರೇಷನ್ ಮುಂದಕ್ಕೆ ಹಾಕಿದರು. ರಸಾಯನದವರು ತಪ್ಪನ್ನು ತಮ್ಮ ತಲೆಗೇ ಕಟ್ಟಿಕೊಂಡರು. ಇಬ್ಬರಲ್ಲಿ ಕಲೆ ಬಂದಿದೆ ಎಂದರೆ ಪಾಕದ್ದೇ ದೋಷ ಎಂದು ಒಂಬತ್ತನ್ನು ಚೆಲ್ಲಲು ಹೇಳಿ, ಹೊಸದಾಗಿ ಅನಿಲ ಹಾಯಿಸಲು ಕುಳಿತರು.

ಮರಳುವ ಬಸ್ಸಿನಲ್ಲಿ ಸವದತ್ತಿಯವಳು ಕೇಳಿದಳು, "ಏನಂದ್ರು?"

"ಇನ್ನೊಮ್ಮೆ ನೋಡಬೇಕಂತ."

"ಚಲೋ ಇದ್ದದ್ದನ್ನ ಯಾರೂ ಇನ್ನೊಮ್ಮೆ ನೋಡೂದಿಲ್ರಿ ಬಾಯಾರ. ರೊಟ್ಟಿ ಕರಕಾದ್ರ ಅಷ್ಟ ಹೊಳ್ಳಿಸಿ ನೋಡತೇವಿ."

ಅವಳು ಬುತ್ತಿ ಬಿಚ್ಚಿ ಶೇಂಗಾದ ಹಿಂಡಿ ಹಚ್ಚಿದ ರೊಟ್ಟಿ ನನ್ನ ಕೈಗೆ ಕೊಟ್ಟಳು.

ಹತ್ತನೆಯ ಪಾಕದ ಕಣಗಳು ಪಾದದಲ್ಲೇ ಕುಳಿತವು. ಹನ್ನೊಂದನೆಯದು ತಕ್ಕಮಟ್ಟಿಗೆ ಬಂತೆಂದು ಮೂರು ವಾರದ ಮೇಲೆ ಸವದತ್ತಿಯವಳನ್ನು ಮತ್ತೆ ಕರೆಸಿದರು. ಈ ಸಲ ಅವಳೊಬ್ಬಳೇ. ಬೇವಿನ ಮರಗಳ ಸುತ್ತ ನಾವಿಬ್ಬರೇ ನಡೆದೆವು. ಐದನೆಯ ಸುತ್ತಿಗೆ ಅವಳು ನಿಂತಳು. ಬಗ್ಗಿ, ಸೂಜಿ ಚುಚ್ಚಿದಲ್ಲಿ ಅಂಟಿಸಿದ್ದ ಹತ್ತಿಯನ್ನು ಕಿತ್ತು ಒಗೆದಳು. ಎಡಸೊಂಟದಲ್ಲಿ ಸಿಕ್ಕಿಸಿದ್ದ ಸಣ್ಣ ಬಟ್ಟೆಯ ಸಂಚಿ ತೆಗೆದಳು. ಅದರಿಂದ ಒಂದು ಚಿಟಿಕೆ ಭಂಡಾರ, ಅಂದರೆ ಗುಡ್ಡದ ಯಲ್ಲಮ್ಮನ ಅರಿಸಿನ, ತೆಗೆದು ಗಾಯಕ್ಕೆ ಒತ್ತಿ, ಅದೇ ಬೆರಳಿನಿಂದ ಇನ್ನೊಂದು ಚಿಟಿಕೆ ತೆಗೆದು ಒತ್ತಿದಳು. ಸಂಚಿಯ ಬಾಯಿ ಬಿಗಿದು ಮತ್ತೆ ಸೊಂಟಕ್ಕೆ. ನಾನು ಪದ್ಧತಿಯಂತೆ ಬೇವಿನ ಎಲೆ ನೋಡುತ್ತ ನಿಂತೆ.

ಪದ್ಧತಿಯಂತೆ ಎಂದೆನಲ್ಲ. ಮೊದಲ ಸಲವೂ ನಾನಿದನ್ನು ಕಂಡಿದ್ದೆ. ಅಜ್ಜಿ "ನಂಗೂ ಒಂದ ಚಿಟಿಕಿ ಕೊಡವಾ" ಎಂದು ಕೈ ಚಾಚಿದ್ದನ್ನೂ, ಒತ್ತಿದ ಬೆರಳನ್ನು ಹೊಟ್ಟೆಯ ಮೇಲಿನ ಸೆರಗಿಗೆ ಒರೆಸಿಕೊಂಡದ್ದನ್ನೂ ಕಂಡಿದ್ದೆ. ಇನ್ನೊಬ್ಬರು ದೇವರನ್ನು ನೆನೆಯುವಾಗ ದಿಟ್ಟಿಸಿ ನೋಡಬಾರದು ಎಂದು ಕಾನ್ವೆಂಟಿನಲ್ಲಿ ಕಲಿಸಿದ್ದರು. ನಾನು ಒಳ್ಳೆಯ ವಿದ್ಯಾರ್ಥಿನಿ. ಎರಡು ಸಲವೂ ಮುಖ ತಿರುಗಿಸಿಕೊಂಡಿದ್ದೆ.

ಮಧ್ಯಾಹ್ನ ಯಂತ್ರ ಶುರುವಾಯಿತು. ಗಂಟುಗಳ ಸಾಲು ಈ ಸಲ ಪೇಲವ. ಆದರೆ ಎಡಸೊಂಟಕ್ಕೆ ಬಂದೊಡನೆ ಸುತ್ತಿಗೆಗೆ ಮತ್ತೆ ಅದೇ ಹುಚ್ಚು: ಟಕಟಕಟಕ. ಹಳೆಯ ಚಿತ್ರಕ್ಕಿಂತ ಎರಡು ಬೆರಳು ಕೆಳಗೆ. ಡಾಕ್ಟರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. "ಪಾಕ ಬೇರೆ, ಕಲೆ ಅದೇ. ಹಾಗಾದರೆ ರೋಗದ್ದೇ" ಎಂದು ಇಂಗ್ಲಿಷಿನಲ್ಲಿ ಮೆಲ್ಲಗೆ ಹೇಳಿದರು. ಮಲಗಿದ್ದವಳು ಭಾಷೆ ತಿಳಿಯದಿದ್ದರೂ ನನ್ನ ಮುಖ ನೋಡಿದಳು.

ಎರಡು ಬೆರಳು ಕೆಳಗೆ ಎಂಬುದು ನನ್ನ ತಲೆಯಲ್ಲಿ ಸಿಕ್ಕಿಕೊಂಡಿತು. ಗಂಟು ಹೇಗೆ ಜಾಗ ಬದಲಿಸುತ್ತದೆ? ಸಂಚಿ ಬದಲಿಸುತ್ತದೆ. ಸೊಂಟಕ್ಕೆ ಸಿಕ್ಕಿಸಿದ್ದು ದಿನಕ್ಕೊಂದು ಕಡೆ ಇರುತ್ತದೆ.

ಹೇಳಲೋ ಬೇಡವೋ ಎಂದು ಒಂದು ಗಳಿಗೆ ತಡೆದೆ. ಹೇಳಿದರೆ, ಕಂಡೂ ಸುಮ್ಮನಿದ್ದವಳು ನಾನು ಎಂದು ಒಪ್ಪಬೇಕು. ಸೀರೆ ತೆಗೆಸಬೇಡಿ ಎಂದವಳೂ ನಾನೇ. ಯಂತ್ರದ ತಲೆ ಬಲಕ್ಕೆ ಹೋಗಿ ಮತ್ತೆ ಎಡಕ್ಕೆ ಹೊರಳಿತು.

"ಡಾಕ್ಟರ್, ದಯವಿಟ್ಟು ನಿಲ್ಲಿಸಿ. ಆಕೆಯ ಸೊಂಟದಲ್ಲಿ ಒಂದು ಸಂಚಿ ಇದೆ."

"ಲೋಹದ್ದೇ?"

"ಅಲ್ಲ. ಬಟ್ಟೆಯದು, ಒಳಗೆ ಅರಿಸಿನ. ಔಷಧಿ ಒಸರುವ ಗಾಯ ಒತ್ತಿದ ಬೆರಳನ್ನು ಅದರಲ್ಲಿ ಅದ್ದಿದ್ದಾಳೆ. ಹೋದ ಸಲವೂ. ನಾನು ನೋಡಿದ್ದೆ."

ರಸಾಯನದವರು ಎದ್ದು ನಿಂತರು. ಕೆಲಸ ಮುಗಿದಾಗಲೆಲ್ಲ ನಮ್ಮೆಲ್ಲರ ಕೈಗಳನ್ನು, ವಿಕಿರಣ ಇದ್ದರೆ ಕಟಕಟ ಎನ್ನುವ ಕೌಂಟರಿನ ಮುಂದೆ ಹಿಡಿಯುತ್ತಿದ್ದೆವು. ರೋಗಿಯ ಕೈ ಹಿಡಿದು ನೋಡಬೇಕೆಂದು ಯಾರಿಗೂ ಹೊಳೆದಿರಲಿಲ್ಲ. ಅವರು ಕೌಂಟರ್ ತಂದು ಅವಳ ಬಲಗೈಯ ಮುಂದೆ ಹಿಡಿದರು. ಅದು ಹಂಚಿನ ಮೇಲಿನ ಜೋಳದಂತೆ ಸಿಡಿಯಿತು.

ಸಂಚಿ ಕೊಡು ಎಂದರೆ ಅವಳು ಕೊಡಲೊಲ್ಲಳು. "ಇದ ಇದ್ರ ನಾ ಇರತೇನಿ" ಎಂದು ಎರಡೂ ಕೈಯಿಂದ ಹಿಡಿದುಕೊಂಡಳು. ಆಗ ಸಿಸ್ಟರ್ ಮುಂದೆ ಬಂದರು. ಅವರಿಗೆ ಬರುತ್ತಿದ್ದ ಕನ್ನಡ ಹತ್ತು ಮಾತು. ಒಂದೂ ಆಡದೆ, ಕೈ ತೊಳೆದು ಕೈಗವಸು ಹಾಕಿಕೊಂಡು, ಬಿಳಿಯ ಬಟ್ಟೆ ಹಾಸಿದ ತಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು, ತುಸು ಬಾಗಿ ನಿಂತರು. ಸವದತ್ತಿಯವಳು ಅವರನ್ನು ಕಾಲಿನಿಂದ ತಲೆಯವರೆಗೆ ನೋಡಿದಳು.

"ಇವರು ಚಪ್ಪಲ್ ಬಿಟ್ಟ ನಿಂತಾರ" ಎಂದಳು. ಸಂಚಿಯನ್ನು ತಟ್ಟೆಯಲ್ಲಿಟ್ಟಳು. ನಾನಾಗ ಕೆಳಗೆ ನೋಡಿದೆ. ಸಿಸ್ಟರ್ ನಿಜವಾಗಿಯೂ ಬರಿಗಾಲಲ್ಲಿದ್ದರು.

ಮೊದಲು ಅವಳನ್ನಿಳಿಸಿ, ಮಂಚದ ಮೇಲೆ ಸಂಚಿಯೊಂದನ್ನೇ ಇಟ್ಟು ಯಂತ್ರ ಓಡಿಸಿದರು. ಸುತ್ತಿಗೆ ಟುಕ್... ಟುಕ್... ಎನ್ನುತ್ತ ಬಂದು, ಒಮ್ಮೆಲೇ ಟಕಟಕಟಕ. ಕಾಗದದ ಮೇಲೆ ಸಂಚಿಯ ಆಕಾರ ಮೂಡಿತು. ಬಿಗಿದ ಬಾಯಿ, ಉಬ್ಬಿದ ಹೊಟ್ಟೆ. ಡಾಕ್ಟರು ಮೊದಲು ನಕ್ಕರು, ಆಮೇಲೆ ನಾವೆಲ್ಲ. ರಸಾಯನದವರಿಗೆ ನಗುವಿನಲ್ಲಿ ಕೆಮ್ಮು ಬಂದು ನೀರು ಕೊಡಬೇಕಾಯಿತು.

ಅವಳ ಕೈ ತೊಳೆಸಿ, ಸೀರೆ ಬದಲಿಸಿ, ಮತ್ತೆ ಮಲಗಿಸಿದರು. ಸೀರೆ ಬದಲಿಸಲು ನಾನೇ ಹೇಳಿದೆ. ಪರದೆ ಹಿಡಿದು ನಾನೇ ನಿಂತೆ. ಎಡಸೊಂಟ ಬಯಲಾಗಿ ಬಂತು. ಯಂತ್ರ ಅಲ್ಲಿ ಟುಕ್ ಎನ್ನಲೂ ಉದಾಸೀನ ಮಾಡಿತು.

ಆದರೆ ಕೆಲಸ ಮುಗಿದಿರಲಿಲ್ಲ. ಸುಳ್ಳು ಕಲೆ ಹೋಯಿತು ನಿಜ. ಗಂಟುಗಳ ಸಾಲು ಮಾತ್ರ ಪೇಲವ, ಒಂದೆರಡು ಕಡೆ ಇದೆಯೋ ಇಲ್ಲವೋ ಎಂಬಂತೆ. ಇಷ್ಟರ ಮೇಲೆ ಸರ್ಜನ್ ಹೂಂ ಅನ್ನುವವರಲ್ಲ. ಹನ್ನೆರಡನೆಯ ಪಾಕ ಮಾಡಬೇಕು, ತಿಂಗಳಾದರೂ ಬೇಕು ಎಂದು ಡಾಕ್ಟರು ಲೆಕ್ಕ ಹಾಕುತ್ತಿದ್ದರು.

ರಸಾಯನದವರು ತಲೆಯ ಮೇಲೆ ಕೈ ಹೊತ್ತು ಕೂತರು. "ಒಂಬತ್ತನೇದ್ರಾಗ ಸಾಲು ಛಂದ ಬಂದಿತ್ತಲ್ರೀ. ಕೆಟ್ಟಿದ್ದು ಪಾಕ ಅಲ್ಲ. ನಾ ಸುಳ್ಳ ಸುಳ್ಳ ಅದನ್ನ ಚೆಲ್ಲಿಸಿದೆ."

ಸಿಸ್ಟರ್ ಏನೆಂದು ನನ್ನನ್ನು ಕೇಳಿದರು. ಇಂಗ್ಲಿಷಿನಲ್ಲಿ ಹೇಳಿದೆ. ಅವರು ಕೆಂಪಾದರು. ಒಳಗೆ ಹೋಗಿ, ಫ್ರಿಜ್ಜಿನ ಹಿಂದಿನ ಮೂಲೆಯಿಂದ ಕಿತ್ತಳೆ ಬಣ್ಣದ ಅರ್ಧ ಬಾಟಲಿ ತಂದು ಮೇಜಿನ ಮೇಲಿಟ್ಟರು. ಮೇಲೆ ಒಂಬತ್ತು ಎಂದು ಬರೆದಿತ್ತು. ಮೂರು ವಾರ ಬೆವರು ಸುರಿಸಿ ಮಾಡಿದ್ದನ್ನು ಚೆಲ್ಲಲು ಮನಸ್ಸು ಬರಲಿಲ್ಲ, ಆಜ್ಞೆ ಮೀರಿದ್ದಕ್ಕೆ ಕ್ಷಮಿಸಬೇಕು ಎಂದರು. ನಾನು ಅದನ್ನು ಕನ್ನಡಕ್ಕೆ ತಿರುಗಿಸುವ ಮೊದಲೇ ರಸಾಯನದವರು ಬಾಟಲಿಯನ್ನು ಎತ್ತಿ ಕಿಟಕಿಯ ಬೆಳಕಿಗೆ ಹಿಡಿದಿದ್ದರು. ತಳದಲ್ಲಿ ಗಸಿ ಇಲ್ಲ. ಅಲುಗಿಸಿದರು, ಮುದ್ದೆ ಇಲ್ಲ. ಮತ್ತೆ ಸೋಸಿ, ಕ್ರಿಮಿ ಪರೀಕ್ಷೆ ಮಾಡಿ, ಪ್ರಾಣಿಯ ಮೇಲೆ ಪ್ರಯೋಗಿಸಿ, ಆಮೇಲೆ ಮುಂದಿನ ತೀರ್ಮಾನ ಎಂದರು ಡಾಕ್ಟರು. ರಸಾಯನದವರ ತೀರ್ಮಾನ ಅವರ ಮುಖದ ಮೇಲೇ ಇತ್ತು: ಹನ್ನೆರಡು ಬೇಡ, ಒಂಬತ್ತಕ್ಕೆ ಹೊಳ್ಳುವುದು.

ಎರಡು ಮಂಗಳವಾರ ಬಿಟ್ಟು ಮೂರನೆಯದಕ್ಕೆ ಹೋದೆವು. ಈ ಸಲ ಬಾಗಿಲಲ್ಲೇ ಹೊಸ ಕ್ರಮ: ಸೂಜಿ ಚುಚ್ಚಿದ ಗಾಯದ ಮೇಲೆ ಹತ್ತಿ, ಅದರ ಮೇಲೆ ಬಿಗಿಯಾದ ಪಟ್ಟಿ, ಅದರ ಮೇಲೆ ಕಾಲುಚೀಲ. ನಡೆದು ಬಂದ ಮೇಲೆ ಕೈ ತೊಳೆಯುವುದು, ಕೌಂಟರಿಗೆ ತೋರಿಸುವುದು. ಸಂಚಿ ಇದ್ದವರಿಗೆ ತಟ್ಟೆ. ಹೊಸ ಬಟ್ಟೆಯಲ್ಲಿ ಹೊಲಿದ ಸಂಚಿಯನ್ನು ಸವದತ್ತಿಯವಳು ತಾನಾಗಿಯೇ ಸಿಸ್ಟರ್ ಕೈಗೆ ಕೊಟ್ಟಳು. ಸಿಸ್ಟರ್ ಅದನ್ನು ತಮ್ಮ ಜಪಮಾಲೆಯ ಡ್ರಾಯರಿನಲ್ಲಿಟ್ಟು ಕೀಲಿ ಹಾಕಿ, ಕೀಲಿಯನ್ನು ಅವಳಿಗೇ ಕೊಡಹೋದರು. ಲೋಹ ಎಂದು ನಾನು ಇಸಿದುಕೊಂಡೆ.

"ಇವತ್ತ ಜ್ವಾಕಿ ಮಾಡ್ರಿ ಬಾಯಾರ" ಎಂದಳು ಅವಳು ಬೇವಿನ ಮರದ ಕೆಳಗೆ. "ನಾ ಬಗ್ಗಿದ್ರ ಮಾರಿ ಹೊಳ್ಳಸಬ್ಯಾಡ್ರಿ."

ಹದಿನೈದು ಸುತ್ತು ನಾನು ಅವಳ ಕೈಗಳನ್ನೇ ನೋಡುತ್ತ ನಡೆದೆ.

ಅಂದಿನ ಚಿತ್ರ ನನಗಿನ್ನೂ ಕಣ್ಣಿಗೆ ಕಟ್ಟಿದಂತಿದೆ. ತೊಡೆಯ ಸಂದಿಯಿಂದ ಎರಡೂ ಕಡೆ ಒಂದರ ಮೇಲೊಂದು ಗಂಟು, ಎಲ್ಲೂ ತುಂಡಾಗದೆ, ಮೇಲೆ ಬಂದು ನಡುವಿಗೆ ಹತ್ತಿರವಾದವು. ಎಡಸೊಂಟ ಖಾಲಿ. ಅವಳು ಮಂಚದಿಂದಿಳಿದು ಕಾಗದ ನೋಡಿದಳು.

"ಇದು ನನ್ನ ಒಳಗಿಂದು?"

"ಹೌದು."

"ಇಷ್ಟ ಸಾಲಾಗಿ ರಂಗೋಲಿ ಚುಕ್ಕಿ ನನಗ ಅಂಗಳದಾಗೂ ಇಡಾಕ ಬರೂದಿಲ್ರಿ."

ಸರ್ಜನ್ ಚಿತ್ರವನ್ನು ಎರಡು ಸಲ ನೋಡಿ, ತಾವೂ ಕೈಯಿಂದ ಪರೀಕ್ಷಿಸಿ, ಸೋಮವಾರ ಎಂದರು. ಸೋಮವಾರ ಆಪರೇಷನ್ ಆಯಿತು. ಒಳಗೆ ತೆಗೆದ ಗಂಟುಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಒಂದರಲ್ಲೂ ರೋಗವಿರಲಿಲ್ಲ. ಆ ಸುದ್ದಿಯನ್ನು ಯಜಮಾನರು ಟ್ರಂಕ್ ಕಾಲಿನಲ್ಲಿ ಕೇಳಿ ಅಡುಗೆಮನೆಗೆ ಬಂದು ಹೇಳಿದಾಗ ನಾನು ಹುಣಸೆಹಣ್ಣು ಬಿಡಿಸುತ್ತಿದ್ದೆ. ಬೀಜಗಳನ್ನೆಲ್ಲ ಎತ್ತಿ ಡಬ್ಬಿಗೆ ಹಾಕಿಟ್ಟೆ. ಮುಂದಿನ ಮಂಗಳವಾರ ಇನ್ನೂ ನಾಲ್ವರು ಬರುವವರಿದ್ದರು.

ವರ್ಷದ ಮೇಲೆ ಸವದತ್ತಿಗೆ ಹೋದಾಗ ಆ ಖಾನಾವಳಿಗೆ ಹೋದೆ. ಒಳಗಿನಿಂದ ರೊಟ್ಟಿ ಬಡಿಯುವ ಸದ್ದು ಬರುತ್ತಿತ್ತು. ಗೋಡೆಯ ಮೇಲೆ ದೇವರ ಪಟದ ಪಕ್ಕದಲ್ಲಿ ಗಾಜು ಹಾಕಿಸಿದ ಇನ್ನೊಂದು ಪಟ: ಚುಕ್ಕೆಗಳಿಂದ ಮೂಡಿದ ಸಂಚಿ. ರಸಾಯನದವರಿಂದ ಅವಳು ಕೇಳಿ ಇಸಿದುಕೊಂಡಿದ್ದಳಂತೆ. ಊಟಕ್ಕೆ ಕುಳಿತ ಲಾರಿ ಡ್ರೈವರೊಬ್ಬರು ಕೈ ತೋರಿಸಿ ಕೇಳುತ್ತಿದ್ದರು, "ಇದ್ಯಾವ ದೇವ್ರಬೇ ಅಕ್ಕಾ?"

"ದೇವರಲ್ಲ ಚಾಚಾ, ನನ್ನ ಸಂಚಿ. ದೊಡ್ಡ ದವಾಖಾನ್ಯಾಗ ಡಾಕ್ಟರು ಅದನ್ನ ಮಂಚದಮ್ಯಾಲೆ ಮಲಗಿಸಿ ಫೋಟೋ ತಗದಾರ" ಎಂದಳು ಅವಳು ಹಿಟ್ಟಿನ ಕೈ ಝಾಡಿಸುತ್ತ ಹೊರಗೆ ಬಂದು. "ರೋಗ ಇದ್ದದ್ದು ಅದಕ್ಕ. ನಾ ಆರಾಮ ಅದೇನಿ."

ಆಮೇಲೆ ನನ್ನನ್ನು ಕಂಡಳು. "ಅಯ್ಯ, ಬಾಯಾರ! ಕುಂದರ್ರಿ, ಕುಂದರ್ರಿ" ಎಂದು ಕೂಗಿ, ಹಿಟ್ಟು ಮೆತ್ತಿದ ಎರಡೂ ಕೈಗಳನ್ನು ನನ್ನ ಮುಂದೆ ಹಿಡಿದಳು. "ನೋಡ್ಕೊಳ್ರಿ. ಈಗ ಕಟಕಟ ಅನ್ನೂದಿಲ್ಲ."